ಕಾಂಕ್ರೀಟ್ ಕೊರೆಯುವ ಮೊದಲು ಜಿಪಿಆರ್ ಸ್ಕ್ಯಾನ್: ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದವರಿಗೆ ಸಮಗ್ರ ಮಾರ್ಗದರ್ಶಿ

ಮಹಡಿ ಮೇಲೊಂದು ಬಾತ್‌ರೂಮ್ ಕಟ್ಟಿಸಬೇಕು, ಸ್ಲ್ಯಾಬಿನಲ್ಲಿ ನಾಲ್ಕಿಂಚು ಪೈಪಿಗೆ ತೂತು ಬೇಕು. ಪ್ಲಂಬರ್ ಬಂದು ಸೀಮೆಸುಣ್ಣದಲ್ಲಿ ದುಂಡಗೆ ಗೆರೆ ಎಳೆದು ಹೋಗಿರುತ್ತಾನೆ. ಕಾಂಕ್ರೀಟನ್ನು ದುಂಡಗೆ ಕೊರೆದು ತೆಗೆಯುವ ಕೋರ್ ಕಟಿಂಗ್ ಮಷಿನ್ ನಾಳೆ ಬರುವುದಿದೆ. ಅಷ್ಟರಲ್ಲಿ ಯಾರಿಗೋ ನೆನಪಾಗಿ, ಕಾಂಕ್ರೀಟಿನೊಳಗೆ ಏನಿದೆ ಎಂದು ಜಿಪಿಆರ್ ಮಷಿನ್ನಿನಿಂದ ಸ್ಕ್ಯಾನ್ ಮಾಡುವವರಿಗೆ ಫೋನ್ ಹೋಗುತ್ತದೆ: "ಸರ್, ಈ ಗೆರೆ ಒಳಗೆ ಕಂಬಿ ಇಲ್ಲ ಅಂತ ಒಂದ್ಸಲ ನೋಡಿ ಹೇಳಿಬಿಡ್ರಿ."

ನಮ್ಮ ಕಡೆ ಹೆಚ್ಚಿನ ಸ್ಕ್ಯಾನ್ ಕೆಲಸ ಶುರುವಾಗುವುದೇ ಹೀಗೆ. ಇದು ಉಲ್ಟಾ ಕ್ರಮ. ಆಗಲೇ ಗೊತ್ತುಮಾಡಿದ ಜಾಗಕ್ಕೆ ಮುದ್ರೆ ಒತ್ತಲು ಸ್ಕ್ಯಾನ್ ಮಾಡುವುದಲ್ಲ, ಎಲ್ಲಿ ಕೊರೆಯಬಹುದು ಎಂದು ಹುಡುಕಲು ಮಾಡುವುದು. ಗೆರೆ ಎಳೆಯುವ ಮೊದಲೇ ಸ್ಕ್ಯಾನ್ ಆದರೆ ಪೈಪನ್ನು ಮೂರಿಂಚು ಆಚೆ ಸರಿಸುವುದು ಒಂದು ಮಾತಿನ ಕೆಲಸ. ಕಮೋಡು, ಟೈಲ್ಸು ಎಲ್ಲ ನಿಕ್ಕಿಯಾದ ಮೇಲೆ ಅದೇ ಮೂರಿಂಚಿಗೆ ಜಗಳ ಆಗುತ್ತದೆ, ಜಗಳದಲ್ಲಿ ಸೋಲುವುದು ಯಾವಾಗಲೂ ಕಂಬಿ. ಈ ಬರಹದ ಉದ್ದಕ್ಕೂ ಇದೊಂದು ಮಾತು ಮನಸ್ಸಿನಲ್ಲಿರಲಿ.

ರೇಡಾರಿಗೆ ಕಾಣುವುದು, ಕಾಣದಿರುವುದು

ಜಿಪಿಆರ್ ಎಂದರೆ ಗ್ರೌಂಡ್ ಪೆನೆಟ್ರೇಟಿಂಗ್ ರೇಡಾರ್. ಕೈಯಲ್ಲಿ ತಳ್ಳುವ ಸಣ್ಣ ಗಾಡಿಯಂಥ ಮಷಿನ್ ಕಾಂಕ್ರೀಟಿನೊಳಗೆ ರೇಡಿಯೋ ಅಲೆ ಬಿಡುತ್ತದೆ. ಒಳಗೆ ವಸ್ತು ಬದಲಾದ ಕಡೆ ಅಲೆಯ ಒಂದು ಪಾಲು ವಾಪಸ್ ಬರುತ್ತದೆ. ಹೋಗಿಬರಲು ಹಿಡಿದ ಸಮಯವನ್ನು ನ್ಯಾನೋಸೆಕೆಂಡಿನಲ್ಲಿ ಅಳೆದು ಆಳ ಲೆಕ್ಕ ಹಾಕುತ್ತದೆ. ಲೋಹಕ್ಕೆ ತಾಗಿದರೆ ಅಲೆ ಪೂರ್ತಿ ವಾಪಸ್ ಬರುವುದರಿಂದ ಕಂಬಿ ಚೆನ್ನಾಗಿ ಕಾಣುತ್ತದೆ. ಪಿವಿಸಿ ಪೈಪು ಮಂಕಾಗಿ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ.

ಇದು ಎಕ್ಸ್‌ರೇ ಅಲ್ಲ. ಎಕ್ಸ್‌ರೇ ಅಥವಾ ಗಾಮಾ ರೇಡಿಯೋಗ್ರಫಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಸುತ್ತಲಿನ ಜನರನ್ನು ದೂರ ಕಳಿಸಬೇಕು, ಸ್ಲ್ಯಾಬಿನ ಎರಡೂ ಬದಿಗೆ ಹೋಗಲು ದಾರಿ ಇರಬೇಕು. ಜಿಪಿಆರ್‌ಗೆ ಒಂದು ಬದಿ ಸಾಕು, ಪಕ್ಕದಲ್ಲಿ ಮಕ್ಕಳು ಓಡಾಡಿಕೊಂಡಿದ್ದರೂ ತೊಂದರೆಯಿಲ್ಲ. ಆದರೆ ಇದು ಚಿತ್ರ ತೆಗೆಯುವುದಿಲ್ಲ, ಪ್ರತಿಧ್ವನಿಯನ್ನಷ್ಟೇ ದಾಖಲಿಸುತ್ತದೆ. ಅದನ್ನು ಓದುವವನು ಮನುಷ್ಯ.

ಕಂಬಿಯ ದಪ್ಪ ಎಷ್ಟೆಂದು ಜಿಪಿಆರ್ ಹೇಳಲಾರದು. 8 ಮಿ.ಮೀ.ಯೋ 12 ಮಿ.ಮೀ.ಯೋ ಅನ್ನುವುದಕ್ಕೆ ಕವರ್ ಮೀಟರ್ ಎಂಬ ಬೇರೆ ಉಪಕರಣ ಬೇಕು, ಅದೂ ಮೇಲ್ಮೈಗೆ ಹತ್ತಿರದ ಕಂಬಿಗೆ ಮಾತ್ರ. ಒತ್ತೊತ್ತಾಗಿ ಜಾಲರಿ ಇದ್ದರೆ ಅದರ ಕೆಳಗಿನದೂ ಕಾಣದು. ಗೋಡೆ ಸ್ಕ್ಯಾನ್ ಮಾಡುವವರಿಗೆ ಇದು ದಿನದ ತಲೆನೋವು: ಕಾಲಂ ಮತ್ತು ಇಟ್ಟಿಗೆ ಸೇರುವ ಕಡೆ ಪ್ಲಾಸ್ಟರಿನೊಳಗೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆದಿರುತ್ತಾರೆ, ಅಲ್ಲಿ ರೇಡಾರ್ ಕುರುಡು.

ಮಷಿನ್ ತರಿಸುವ ಮೊದಲು

ಡ್ರಾಯಿಂಗ್ ಇದ್ದರೆ ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಸ್ಲ್ಯಾಬ್ ಹಾಕಿದ ಮೇಸ್ತ್ರಿ ಅಥವಾ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಊರಲ್ಲಿದ್ದರೆ ಕರೆಸಿ. ಸ್ಲ್ಯಾಬ್ ಹಾಕುವ ಮುಂಚೆ ಮೊಬೈಲಿನಲ್ಲಿ ತೆಗೆದ ಕಂಬಿಯ ಫೋಟೋ ಯಾರ ಬಳಿಯಾದರೂ ಇದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಆಮೇಲೆ ಕೆಳಗಿನ ಕೋಣೆಗೆ ಹೋಗಿ ತಲೆ ಎತ್ತಿ ನೋಡಿ. ಬೀಮು ಎಲ್ಲಿದೆ, ಫ್ಯಾನ್ ಬಾಕ್ಸ್ ಎಲ್ಲಿದೆ, ಸ್ವಿಚ್‌ಬೋರ್ಡ್ ಯಾವ ಗೋಡೆಗಿದೆ ಎಂದು ಒಂದು ಹಾಳೆಯ ಮೇಲೆ ಅಳತೆ ಸಮೇತ ಬರೆದುಕೊಳ್ಳಿ. ನಮ್ಮ ಮನೆಗಳಲ್ಲಿ ಕಾಂಡ್ಯೂಟ್, ಅಂದರೆ ವೈರು ಹಾಯಿಸುವ ಪೈಪು, ಸ್ಲ್ಯಾಬಿನೊಳಗೇ ಇರುತ್ತದೆ. ಫ್ಯಾನ್ ಬಾಕ್ಸಿನಿಂದ ಗೋಡೆಗೆ ಅದು ಹೆಚ್ಚುಕಡಿಮೆ ನೇರ ದಾರಿ ಹಿಡಿದಿರುತ್ತದೆ. ಈ ಒಂದು ಹಾಳೆಯಿಂದ ಅರ್ಧ ಕೆಲಸ ಮುಗಿದಂತೆ.

ಹಳೆಯ ಬಳ್ಳಾರಿಯ ಕೆಲವು ಮನೆಗಳ ಮಾಳಿಗೆ ಆರ್‌ಸಿಸಿ ಆಗಿರಲಿಕ್ಕಿಲ್ಲ, ಗರ್ಡರ್ ಮೇಲೆ ಕಲ್ಲುಚಪ್ಪಡಿ ಇರಬಹುದು. ಅಂಥದಕ್ಕೆ ಕೋರ್ ಕಟಿಂಗ್ ವಿಚಾರವೇ ಬೇರೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವತನಕ ಮಷಿನ್ ಇಳಿಸಬೇಡಿ.

ದೊಡ್ಡ ಸ್ಪ್ಯಾನಿನ (ಕಾಲಂಗಳ ನಡುವಿನ ಅಂತರ ಹೆಚ್ಚಿರುವ) ಕಲ್ಯಾಣಮಂಟಪ, ಆಸ್ಪತ್ರೆ, ಮಾಲ್ ಆದರೆ ಪೋಸ್ಟ್‌ ಟೆನ್ಷನ್ ಸ್ಲ್ಯಾಬೇ ಎಂದು ಮೊದಲು ಕೇಳಿ. ಅದರೊಳಗೆ ಎಳೆದು ಬಿಗಿದ ಉಕ್ಕಿನ ಕೇಬಲ್ಲು ಟನ್ನುಗಟ್ಟಲೆ ಬಿಗಿತದಲ್ಲಿರುತ್ತದೆ. ಕಂಬಿ ಕತ್ತರಿಸಿದರೆ ಸ್ಲ್ಯಾಬ್ ದುರ್ಬಲ ಆಗುತ್ತದೆ, ಈ ಕೇಬಲ್ ಕತ್ತರಿಸಿದರೆ ಜೀವಕ್ಕೇ ಅಪಾಯ. ಇದು ಕಾಲಂ ಹತ್ತಿರ ಮೇಲೆ ಬಂದು ಸ್ಪ್ಯಾನಿನ ನಡುವೆ ಕೆಳಗಿಳಿಯುತ್ತದೆ. ಆದ್ದರಿಂದ ಒಂದು ಕಡೆ ಕಂಡ ಆಳವನ್ನು ಇನ್ನೊಂದು ಕಡೆಗೆ ಅನ್ವಯಿಸಬೇಡಿ.

ಯಾವ ಮಷಿನ್

ಕಾಂಕ್ರೀಟಿಗೆ 1.6ರಿಂದ 2.6 ಗಿಗಾಹರ್ಟ್ಸ್ ಆಂಟೆನಾ. 2.6 ಸೂಕ್ಷ್ಮವಾಗಿ ನೋಡುತ್ತದೆ, ಒಣ ಕಾಂಕ್ರೀಟಿನಲ್ಲಿ ಮೂವತ್ತು-ನಲವತ್ತು ಸೆಂ.ಮೀ. ಆಳಕ್ಕೆ ಮುಟ್ಟುತ್ತದೆ. 1.6 ಇನ್ನೂ ಸ್ವಲ್ಪ ಆಳಕ್ಕೆ ಹೋಗುತ್ತದೆ, ಆದರೆ ಹತ್ತಿರ ಹತ್ತಿರದ ಕಂಬಿಗಳನ್ನು ಬಿಡಿಸಿ ತೋರಿಸುವುದರಲ್ಲಿ ಹಿಂದೆ. ಮನೆಯ ಸ್ಲ್ಯಾಬಿಗೆ 2.6ರದೇ ಸರಿ. ಬಾಡಿಗೆಗೆ ತರಿಸುವವರು "ಎಷ್ಟು ಆಳ ಹೋಗುತ್ತೆ" ಎಂದಷ್ಟೇ ಕೇಳುತ್ತಾರೆ. ಕೇಳಬೇಕಾದ್ದು ಆಂಟೆನಾ ಯಾವುದು, 50 ಹರ್ಟ್ಸ್ ಕರೆಂಟ್ ಗುರುತಿಸುವ ಸೆನ್ಸರ್ ಅದರಲ್ಲಿದೆಯೇ, ಓದುವವರು ಯಾರು ಎಂದು. ಮೂರನೆಯ ಪ್ರಶ್ನೆಯೇ ಮುಖ್ಯ.

ನೆಲ ಸಿದ್ಧ ಮಾಡಿ, ಗ್ರಿಡ್ ಎಳೆಯಿರಿ

ಜಾಗ ಗುಡಿಸಿ. ನೀರು ನಿಂತಿದ್ದರೆ ಒರೆಸಿ ಒಣಗಲು ಬಿಡಿ. ಒಂದು ವಸ್ತು ಅಲೆಯನ್ನು ಎಷ್ಟು ನಿಧಾನ ಮಾಡುತ್ತದೆ ಎಂದು ಹೇಳುವ ಅಂಕಿಯೇ ಡೈಎಲೆಕ್ಟ್ರಿಕ್ ಬೆಲೆ. ನೀರಿನದು 80ರ ಆಸುಪಾಸು, ಒಣ ಕಾಂಕ್ರೀಟಿನದು 5-6. ತೇವದ ಮೇಲೆ ಅಲೆ ನಿಧಾನವಾಗುತ್ತದೆ, ಬಲವನ್ನೂ ಕಳೆದುಕೊಳ್ಳುತ್ತದೆ. ಹಾಕಿ ಕೆಲವೇ ವಾರವಾದ ಸ್ಲ್ಯಾಬಿನಲ್ಲೂ ಇದೇ ತೊಂದರೆ. ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಕೆಳಗಿನ ಜಾಗ ಯಾವಾಗಲೂ ಹಸಿ ಇರುತ್ತದೆ, ಅಲ್ಲಿನ ಆಳದ ಲೆಕ್ಕವನ್ನು ಪಕ್ಕದ ಒಣ ಜಾಗದಿಂದ ಎರವಲು ತರಬೇಡಿ.

ಟೈಲ್ಸ್ ಮೇಲಿಂದಲೂ ಸ್ಕ್ಯಾನ್ ಆಗುತ್ತದೆ. ಬೆರಳಿನಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಟೈಲ್ಸಿನಡಿ ಗಾಳಿ ಇದೆ ಎಂದರ್ಥ, ಅಲ್ಲಿ ಚಿತ್ರ ಕೆಡುತ್ತದೆ. ತಾರಸಿಗೆ ಇಟ್ಟಿಗೆಚೂರಿನ ಕೋಬಾ ಹಾಕಿದ್ದರೆ ಅದರ ದಪ್ಪ ಮೊದಲೇ ಗೊತ್ತಿರಬೇಕು.

ಕೊರೆಯಬೇಕೆಂದಿರುವ ಜಾಗದ ಸುತ್ತ ಕನಿಷ್ಠ ಒಂದಡಿ ಹೆಚ್ಚಿಗೆ ಹಿಡಿದು ಗ್ರಿಡ್ (ಉದ್ದ-ಅಡ್ಡ ಗೆರೆಗಳ ಚೌಕ) ಹಾಕಿ. ಒಂದು ಪೈಪಿನ ತೂತಿಗೆ 60×60 ಸೆಂ.ಮೀ. ಮೊದಲ ಅಳತೆ, ತೂತು ಸರಿಸಬೇಕಾದೀತು ಅನ್ನಿಸಿದರೆ 120×120. ಗೆರೆಗಳ ನಡುವೆ 10 ಸೆಂ.ಮೀ. ಬಿಡುವುದು ಸಾಮಾನ್ಯ, ವೈರಿಂಗ್ ಹುಡುಕುತ್ತಿದ್ದರೆ 5 ಸೆಂ.ಮೀ. ಮಾಡಿ. ಗ್ರಿಡ್ಡಿನ ಒಂದು ಮೂಲೆಯನ್ನು ಎರಡು ಗೋಡೆಗಳಿಂದ ಅಳೆದು ಬರೆದಿಡಿ. ಗ್ರಿಡ್ಡಿಗೆ ಅಂಟಿಸಿದ ಟೇಪು ಕಿತ್ತುಹೋದರೂ ಆ ಎರಡು ಅಳತೆಯಿಂದ ಎಲ್ಲವನ್ನೂ ಮತ್ತೆ ಎಳೆಯಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ತಾರಸಿ ಕೆಲಸ ಬೆಳಗಿನ ಹೊತ್ತೇ ಮುಗಿಸಿಕೊಳ್ಳಿ. ಮಧ್ಯಾಹ್ನದ ಬೆಳಕಿನಲ್ಲಿ ಸ್ಕ್ರೀನಿನ ಮಂಕು ಗೆರೆಗಳು ಕಾಣುವುದಿಲ್ಲ, ಮತ್ತು ಆ ಮಂಕು ಗೆರೆಗಳೇ ಕಾಂಡ್ಯೂಟ್.

ಆಳದ ಲೆಕ್ಕ ಸರಿಹೊಂದಿಸಿ

ಇಲ್ಲಿ ಅವಸರ ಮಾಡಬೇಡಿ. ಅಲೆ ಗಾಳಿಯಲ್ಲಿ ಒಂದು ನ್ಯಾನೋಸೆಕೆಂಡಿಗೆ 30 ಸೆಂ.ಮೀ. ಹೋಗುತ್ತದೆ. ಕಾಂಕ್ರೀಟಿನಲ್ಲಿ ಆ ವೇಗವನ್ನು ಡೈಎಲೆಕ್ಟ್ರಿಕ್ ಬೆಲೆಯ ವರ್ಗಮೂಲದಿಂದ ಭಾಗಿಸಬೇಕು. ಬೆಲೆ 6.25 ಆದರೆ ವೇಗ 12 ಸೆಂ.ಮೀ., 9 ಆದರೆ 10 ಸೆಂ.ಮೀ. ಮಷಿನ್ನಿನಲ್ಲಿ 6.25 ಎಂದಿಟ್ಟು, ಸ್ಲ್ಯಾಬ್ ನಿಜವಾಗಿ 9ರಷ್ಟು ಹಸಿಯಿದ್ದರೆ, 10 ಸೆಂ.ಮೀ. ಆಳದ ಕಂಬಿಯನ್ನು ಅದು 12 ಎಂದು ತೋರಿಸುತ್ತದೆ. ಹನ್ನೊಂದರವರೆಗೆ ಗ್ರೂವ್ ಕತ್ತರಿಸಬಹುದು ಎಂದುಕೊಂಡವನ ಬ್ಲೇಡು ಕಂಬಿಗೆ ಕೂರುತ್ತದೆ.

ಸರಿಪಡಿಸಲು ನನಗೆ ಹೆಚ್ಚು ನಂಬಿಕೆಯಿರುವ ದಾರಿ ಇದು: ಮೆಟ್ಟಿಲಿನ ಬಳಿ ಅಥವಾ ಬಯಲಾಗಿರುವ ಅಂಚಿನಲ್ಲಿ ಸ್ಲ್ಯಾಬಿನ ದಪ್ಪವನ್ನು ಫ್ಲೋರಿಂಗ್ ಸೇರಿಸಿ ಟೇಪಿನಲ್ಲಿ ಅಳೆಯಿರಿ. ಹತ್ತಿರದಲ್ಲೇ ಕೆಳಗಿನಿಂದ ಒಬ್ಬರು ಕಬ್ಬಿಣದ ತಗಡನ್ನು ಸೀಲಿಂಗಿಗೆ ಒತ್ತಿ ಹಿಡಿಯಲಿ. ಮೇಲೆ ಮಷಿನ್ ಎಳೆದಾಗ ತಗಡಿರುವ ಕಡೆ ಸ್ಲ್ಯಾಬಿನ ತಳ ಥಟ್ಟನೆ ಹೊಳೆಯುತ್ತದೆ. ಸ್ಕ್ರೀನಿನ ಆಳ ಟೇಪಿನ ಆಳಕ್ಕೆ ಹೊಂದುವವರೆಗೆ ಡೈಎಲೆಕ್ಟ್ರಿಕ್ ಬೆಲೆ ಬದಲಿಸಿ. ತಗಡು ಹಿಡಿಯಲು ಜಾಗವಿಲ್ಲದ ಕಡೆ, ಕಂಬಿಯ ಕಮಾನಿನ ಆಕಾರಕ್ಕೆ ಮಷಿನ್ನಿನ ರೇಖೆಯನ್ನು ಹೊಂದಿಸುವ ವಿಧಾನ ಇದೆ. ಅದಕ್ಕೆ ಕಂಬಿಯನ್ನು ನೇರ ಅಡ್ಡ ದಾಟಿರಬೇಕು. ಓರೆಯಾಗಿ ದಾಟಿದರೆ ಕಮಾನು ಅಗಲವಾಗಿ, ವೇಗ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ.

ಗಾಲಿಯ ಅಳತೆಯನ್ನೂ ಪರೀಕ್ಷಿಸಿ. ಎರಡು ಮೀಟರ್ ಟೇಪು ಹಾಸಿ ಎಳೆದರೆ ಮಷಿನ್ ಎರಡು ಮೀಟರ್ ಎನ್ನಬೇಕು. ಧೂಳು ಮೆತ್ತಿದ ಗಾಲಿ ಜಾರುತ್ತದೆ.

ಎಳೆಯುವುದು, ಓದುವುದು

ಮೊದಲು ಗ್ರಿಡ್ ಲೆಕ್ಕವಿಲ್ಲದೆ ಎರಡೂ ದಿಕ್ಕಿಗೆ ಒಂದೆರಡು ಸಲ ಸುಮ್ಮನೆ ಎಳೆದು ನೋಡಿ. ಕಂಬಿ ಯಾವ ದಿಕ್ಕಿಗಿದೆ ಎಂದು ತಿಳಿಯುತ್ತದೆ. ಅಡ್ಡವಾಗಿ ದಾಟಿದ ಪ್ರತಿ ಕಂಬಿ ಸ್ಕ್ರೀನಿನಲ್ಲಿ ಕಾಮನಬಿಲ್ಲಿನಂಥ ಒಂದು ಕಮಾನಾಗಿ ಮೂಡುತ್ತದೆ, ಕಮಾನಿನ ನೆತ್ತಿಯೇ ಕಂಬಿ ಇರುವ ಜಾಗ. ಕಂಬಿಯ ಉದ್ದಕ್ಕೇ ಎಳೆದರೆ ಕಮಾನು ಮೂಡದೆ ಚಪ್ಪಟೆ ಪಟ್ಟಿ ಬರುತ್ತದೆ, ಹೊಸಬರು ಅದನ್ನು ಸ್ಲ್ಯಾಬಿನ ತಳ ಎಂದುಕೊಳ್ಳುತ್ತಾರೆ. ಹಾಗಾಗಿ ಗ್ರಿಡ್ಡನ್ನು ಎರಡೂ ದಿಕ್ಕಿಗೆ ಪೂರ್ತಿ ಎಳೆಯಲೇಬೇಕು. ಒಂದೇ ದಿಕ್ಕಿನ ಸ್ಕ್ಯಾನ್ ಕೊಟ್ಟು ಹೋಗುವವರಿಗೆ ದುಡ್ಡು ಕೊಡಬೇಡಿ.

ಬಳ್ಳಾರಿಯ ಒಂದು ಸಾಮಾನ್ಯ ಮನೆ ಸ್ಲ್ಯಾಬನ್ನು ಹತ್ತಿರದಿಂದ ನೋಡೋಣ. ದಪ್ಪ ಐದಿಂಚು, ಅಂದರೆ 125 ಮಿ.ಮೀ. ತಳದಲ್ಲಿ 20 ಮಿ.ಮೀ. ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್), ಅದರ ಮೇಲೆ 10 ಮಿ.ಮೀ. ಮುಖ್ಯ ಕಂಬಿ, ಅದಕ್ಕೆ ಅಡ್ಡ 8 ಮಿ.ಮೀ. ಕಂಬಿ. ಕೋಣೆಯ ನಡುವೆ ಮೇಲಿನ ಜಾಲರಿ ಇರುವುದಿಲ್ಲ. ಮೇಲಿಂದ ಎಳೆದರೆ ಮೊದಲ ಕಂಬಿ ಕಾಂಕ್ರೀಟಿನ ಮೇಲ್ಮೈಯಿಂದ ಸುಮಾರು 87 ಮಿ.ಮೀ. ಆಳದಲ್ಲಿ ಸಿಗುತ್ತದೆ, ಫ್ಲೋರಿಂಗಿನ ದಪ್ಪ ಅದಕ್ಕೆ ಬೇರೆ ಸೇರುತ್ತದೆ. ಬೀಮಿನ ಕಡೆಗೆ ಸರಿಯುತ್ತಾ ಹೋದಂತೆ ಒಂದು ಬಿಟ್ಟು ಒಂದು ಕಮಾನು ಮೇಲೇರಲು ಶುರುಮಾಡುತ್ತದೆ. ಅದು ಕ್ರ್ಯಾಂಕ್ ಕಂಬಿ. ಬಾರ್ ಬೆಂಡರ್ ಅದನ್ನು ಸಪೋರ್ಟಿನ ಬಳಿ ಮೇಲಕ್ಕೆ ಬಗ್ಗಿಸಿರುತ್ತಾನೆ. ಬೀಮಿನ ಪಕ್ಕ ಅದೇ ಕಂಬಿ ಎರಡು-ಮೂರು ಸೆಂ.ಮೀ. ಆಳಕ್ಕೇ ಬಂದಿರುತ್ತದೆ. ಕೋಣೆಯ ನಡುವಿನ ಸ್ಕ್ಯಾನ್ ನೋಡಿ ಗೋಡೆಯ ಪಕ್ಕ ಕೊರೆಯಬಾರದು ಅನ್ನುವುದು ಇದಕ್ಕೇ.

ಎಲ್ಲ ಕಮಾನುಗಳೂ ಸಮ ಅಂತರದಲ್ಲಿ, ಸಮ ಆಳದಲ್ಲಿ ಸಾಲಾಗಿ ನಿಂತಿರುವಾಗ ನಡುವೆ ಒಂದು ಮಂಕು ಕಮಾನು ಬಂತೆನ್ನಿ, ಸಾಲಿಗಿಂತ ತುಸು ಮೇಲೆ, ಅಂತರಕ್ಕೂ ಹೊಂದದೆ. ಮುಂದಿನ ಗೆರೆಯಲ್ಲಿ ಅದು ನಾಲ್ಕು ಸೆಂ.ಮೀ. ಬಲಕ್ಕೆ, ಅದರ ಮುಂದಿನದರಲ್ಲಿ ಇನ್ನೂ ನಾಲ್ಕು ಬಲಕ್ಕೆ. ಕಂಬಿ ಹೀಗೆ ಓರೆ ಹೋಗುವುದಿಲ್ಲ. ಎಲೆಕ್ಟ್ರಿಷಿಯನ್ನರು ಕಾಂಡ್ಯೂಟನ್ನು ತಳದ ಜಾಲರಿಯ ಮೇಲಿಟ್ಟು ಬೈಂಡಿಂಗ್ ವೈರಿನಲ್ಲಿ ಕಟ್ಟುತ್ತಾರೆ, ಅದಕ್ಕೇ ಮೇಲಿಂದ ನೋಡಿದಾಗ ಅದು ಕಂಬಿಗಿಂತ ಮೊದಲು ಸಿಗುವುದು. ಆ ಚುಕ್ಕೆಗಳನ್ನು ಗೆರೆಯಾಗಿ ಎಳೆದು ನಿಮ್ಮ ಹಾಳೆಯ ಮೇಲಿಟ್ಟರೆ ಅದು ಸೀದಾ ಫ್ಯಾನ್ ಬಾಕ್ಸಿಗೆ ಹೋಗುತ್ತದೆ. ಒಂದೇ ಗೆರೆಯಲ್ಲಿ ಕಂಡು ಅಕ್ಕಪಕ್ಕದ ಗೆರೆಯಲ್ಲಿ ಇಲ್ಲದ್ದು ಜಲ್ಲಿಯೋ ಸಣ್ಣ ಪೊಳ್ಳೋ ಇರಬಹುದು. ಅದನ್ನು ಬರೆದಿಡಿ, ಆದರೆ ಪೈಪು ಎಂದು ಕರೆಯಬೇಡಿ.

ಖಾಲಿ ಪೈಪಿನೊಳಗಿನ ಗಾಳಿಯಿಂದ ಬರುವ ಪ್ರತಿಫಲನದಲ್ಲಿ ಕಪ್ಪು-ಬಿಳಿಯ ಕ್ರಮ ಲೋಹದ್ದಕ್ಕೆ ತಿರುಗುಮುರುಗಾಗಿರುತ್ತದೆ. ಖಚಿತವಾಗಿ ಕಂಬಿಯೇ ಎಂದು ಗೊತ್ತಿರುವ ಒಂದರ ಕ್ರಮವನ್ನು ಮೊದಲೇ ನೋಡಿಟ್ಟುಕೊಂಡರೆ ಹೋಲಿಸಬಹುದು. ತೀರಾ ಸಣ್ಣ ಕಾಂಡ್ಯೂಟಿಗೆ ಈ ಗುರುತೊಂದನ್ನೇ ನೆಚ್ಚಬೇಡಿ.

ಕರೆಂಟ್ ಇದೆಯೇ

50 ಹರ್ಟ್ಸ್ ಸೆನ್ಸರ್ ವೈರನ್ನು ಕಾಣುವುದು ಅದರಲ್ಲಿ ಕರೆಂಟ್ ಹರಿಯುತ್ತಿದ್ದಾಗ. ಮೇಲೂ ಕೆಳಗೂ ಎಲ್ಲ ಲೈಟು, ಫ್ಯಾನು, ಗೀಸರ್ ಹಾಕಿ ಒಂದು ಸುತ್ತು ಎಳೆಯಿರಿ. ಮನೆಯವರು ಒಳ್ಳೆಯ ಮನಸ್ಸಿನಿಂದ ಮೇನ್ ಆಫ್ ಮಾಡಿ ಕೂತಿರುತ್ತಾರೆ, ಆಗ ಸೆನ್ಸರಿಗೆ ಏನೂ ಸಿಗದು. ಕೊರೆಯುವಾಗ ಮಾತ್ರ ಮೇನ್ ಆಫ್, ಕಟಿಂಗ್ ಮಷಿನ್ನಿಗೆ ಬೇರೆ ಲೈನು. ಮೋಟರಿಗೆ ಹೋಗುವ ತ್ರೀಫೇಸ್ ಕೇಬಲ್ಲಿನಲ್ಲಿ ಮೂರೂ ಫೇಸುಗಳ ಕ್ಷೇತ್ರ ಒಂದನ್ನೊಂದು ಕಡಿಮೆ ಮಾಡುವುದರಿಂದ ಅದು ಸೆನ್ಸರಿಗೆ ತಪ್ಪಿಸಿಕೊಳ್ಳಬಹುದು. ಮಿಲ್ಲು, ಫ್ಯಾಕ್ಟರಿಗಳಲ್ಲಿ ಇದನ್ನು ಮರೆಯಬೇಡಿ.

ಎರೆ ನೆಲ, ಸವಳು, ಮಿಲ್ಲಿನ ಫ್ಲೋರು

ನೆಲದ ಮೇಲೆ ನೇರ ಹಾಕಿದ ಫ್ಲೋರಿನ ಮಾತು ಬೇರೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಕುಗ್ಗಿದಾಗ ಫ್ಲೋರಿನಡಿ ಪೊಳ್ಳು ಬೀಳುತ್ತದೆ, ರೇಡಾರಿನಲ್ಲಿ ಅದು ತಳದ ಗೆರೆ ಒಮ್ಮೆಲೇ ಗಾಢವಾಗಿ ಕಾಣುತ್ತದೆ. ಅಂಥ ಕಡೆ ಕಟಿಂಗ್ ಮಷಿನ್ ನಿಲ್ಲಿಸುವ ಮೊದಲು ಯೋಚಿಸಿ. ಹಸಿ ಎರೆ ಮಣ್ಣಂತೂ ಅಲೆಯನ್ನು ನುಂಗಿಬಿಡುತ್ತದೆ. ಫ್ಲೋರಿನ ಕೆಳಗೆ ಮಣ್ಣಿನಲ್ಲಿ ಹೋಗಿರುವ ಪೈಪನ್ನು ಕಾಂಕ್ರೀಟ್ ಆಂಟೆನಾದಿಂದ ಹುಡುಕಲು ಆಗದು. ಕಡಿಮೆ ಫ್ರೀಕ್ವೆನ್ಸಿಯ ಆಂಟೆನಾ ಅಥವಾ ಕೇಬಲ್ ಲೊಕೇಟರ್ ಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸವಳು-ಜವಳಿನ ನೆಲವೂ ಇದೆ. ಉಪ್ಪು ಬೆರೆತ ತೇವ ರೇಡಾರಿಗೆ ಬರಿ ನೀರಿಗಿಂತ ಕೆಟ್ಟದ್ದು. ರೈಸ್‌ಮಿಲ್ಲಿನಲ್ಲಿ ಭತ್ತ ನೆನೆಸಿ ಬೇಯಿಸುವ ಭಾಗದ ಫ್ಲೋರು ವರ್ಷವಿಡೀ ಹಸಿ. ಅಲ್ಲಿ ಹತ್ತು ಸೆಂ.ಮೀ. ಕೆಳಗೆ ಸ್ಕ್ರೀನ್ ಬರಿ ಬೂದು ಬಣ್ಣವಾದರೆ ಅದನ್ನು "ಕೆಳಗೆ ಏನೂ ಇಲ್ಲ" ಎಂದು ಓದಬೇಡಿ, "ಕೆಳಗೆ ಏನೂ ಕಾಣುತ್ತಿಲ್ಲ" ಎಂದು ವರದಿಯಲ್ಲಿ ಬರೆಯಿರಿ. ಭತ್ತ ಮೇಲೆತ್ತುವ ಎಲಿವೇಟರಿನ ಗುಂಡಿಗೆ ಫ್ಲೋರು ಕತ್ತರಿಸಬೇಕಿದ್ದರೆ ಮಿಲ್ಲು ನಿಂತಿರುವ ದಿನಗಳಲ್ಲಿ, ಒಣಗಿದ ಮೇಲೆ ಸ್ಕ್ಯಾನ್ ಇಟ್ಟುಕೊಳ್ಳಿ.

ತೋರಣಗಲ್ಲು, ಕುಡಿತಿನಿ, ಶಕ್ತಿನಗರದಂಥ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಫೌಂಡೇಶನ್ನುಗಳಲ್ಲಿ ಕಂಬಿ ದಪ್ಪ, ಪದರ ಹಲವು. ಮೇಲಿನ ಪದರ ಕೆಳಗಿನದನ್ನು ಮರೆಮಾಡುತ್ತದೆ. ಅರ್ಥಿಂಗ್‌ಗೆ ಹಾಕಿದ ಜಿಐ ಪಟ್ಟಿ ಕಂಬಿಯಂತೆಯೇ ಹೊಳೆಯುತ್ತದೆ. ಅಲ್ಲಿ ಪರ್ಮಿಟ್, ಲಾಕ್‌ಔಟ್ (ಕರೆಂಟ್ ಕಡಿದು ಬೀಗ ಹಾಕುವುದು), ಒಳಗೆ ಹೂತಿರುವುದನ್ನು ತೋರಿಸುವ ಎಂಬೆಡೆಡ್ ಡ್ರಾಯಿಂಗ್ ಇಲ್ಲದೆ ಮಷಿನ್ ಹಿಡಿದು ಹೋಗುವ ಮಾತೇ ಇಲ್ಲ.

ಗುರುತು ಮತ್ತು ತೂತಿನ ಲೆಕ್ಕ

ಗುರುತನ್ನು ಸೀಮೆಸುಣ್ಣದಲ್ಲಿ ಹಾಕಬೇಡಿ. ಕೋರ್ ಕಟಿಂಗ್ ನೀರಿನ ಕೆಲಸ, ಮೊದಲ ಐದು ನಿಮಿಷದಲ್ಲೇ ಅಳಿಸಿಹೋಗುತ್ತದೆ. ಅಳಿಯದ ಮಾರ್ಕರ್ ಅಥವಾ ಸ್ಪ್ರೇ ಬಳಸಿ. ಕಂಬಿಗೊಂದು ಬಣ್ಣ, ಕರೆಂಟಿಗೆ ಕೆಂಪು, ಅನುಮಾನದ್ದಕ್ಕೆ ಮೂರನೆಯದು, ಪ್ರತಿ ಗೆರೆಯ ಪಕ್ಕ ಆಳ. ನಂತರ ಫೋಟೋ.

ಈಗ ಲೆಕ್ಕ. ಕಂಬಿಗಳ ಅಂತರ ಆರಿಂಚು, 150 ಮಿ.ಮೀ. ಕಂಬಿಯ ದಪ್ಪ 10 ಕಳೆದರೆ ನಡುವಿನ ಬಯಲು 140. ನಾಲ್ಕಿಂಚು ಡ್ರೈನೇಜ್ ಪೈಪಿನ ಹೊರ ಅಳತೆ 110, ಅದಕ್ಕೆ 125ರ ಕೋರ್ ಹಿಡಿದರೆ ಎರಡೂ ಬದಿಗೆ ಉಳಿಯುವುದು ಏಳೂವರೆ ಮಿ.ಮೀ. ಗುರುತಿನ ದಪ್ಪ, ಮಷಿನ್ನಿನ ತಪ್ಪು, ಬಿಟ್ಟಿನ ಅಲುಗಾಟ ಸೇರಿದರೆ ಆ ಏಳೂವರೆ ಎಲ್ಲಿ ಉಳಿದೀತು? ನಾನು ಎರಡೂ ಬದಿಗೆ 25 ಮಿ.ಮೀ. ಬಿಡಬೇಕು ಅನ್ನುವವನು. ಅಂದರೆ ಇಂಥ ಸ್ಲ್ಯಾಬಿನಲ್ಲಿ 90 ಮಿ.ಮೀ. ಒಳಗಿನ ಕೋರ್ ಮಾತ್ರ ನೆಮ್ಮದಿಯಾಗಿ ಕೂರುತ್ತದೆ. ನಾಲ್ಕಿಂಚು ಪೈಪೇ ಬೇಕೆಂದರೆ ಕಂಬಿಯ ಅಂತರ ಹೆಚ್ಚಿರುವ ಜಾಗ ಹುಡುಕಿ, ಇಲ್ಲವೇ ಪೈಪನ್ನು ಗೋಡೆಯಾಚೆ ಇಳಿಸಿ, ಅದೂ ಆಗದಿದ್ದರೆ ಎಂಜಿನಿಯರ್ ಬಳಿ ಲಿಖಿತ ಒಪ್ಪಿಗೆ ಪಡೆಯಿರಿ. ಬೀಮು, ಕಾಲಂ, ಬಾಲ್ಕನಿಯ ಬುಡದ ಮೇಲಿನ ಕಂಬಿಗೆ ಯಾವ ರಾಜಿಯೂ ಇಲ್ಲ. ಬಾಲ್ಕನಿ ನೇತಾಡುತ್ತಿರುವುದೇ ಆ ಮೇಲಿನ ಕಂಬಿಯಿಂದ.

ಕೊರೆಯುವ ದಿನ

ಸ್ಕ್ಯಾನ್ ಮಾಡಿದವರು ಮೊದಲ ತೂತಿಗಾದರೂ ಹಾಜರಿರಲಿ. ಕೆಳಗಿನ ಕೋಣೆ ಖಾಲಿ ಮಾಡಿಸಿ, ಬಾಗಿಲಿಗೆ ಒಬ್ಬರನ್ನು ನಿಲ್ಲಿಸಿ. ಐದಿಂಚು ಸ್ಲ್ಯಾಬಿನಿಂದ ಬೀಳುವ 125 ಮಿ.ಮೀ. ಕೋರ್ ಮೂರೂವರೆ ಕೆಜಿಗೂ ಹೆಚ್ಚು ತೂಗುತ್ತದೆ.

ಮೊದಲು ನಡುವೆ ಸಣ್ಣ ಡ್ರಿಲ್ಲಿನಿಂದ ಆರುಪಾರು ಒಂದು ಪೈಲಟ್ ತೂತು ಹಾಕಿ. ಕೆಳಗೆ ಅದು ಬೀಮಿನಿಂದ, ಫ್ಯಾನ್ ಬಾಕ್ಸಿನಿಂದ ಎಷ್ಟು ದೂರ ಬಂತು ಎಂದು ನಿಮ್ಮ ಹಾಳೆಗೆ ತಾಳೆ ನೋಡಿ. ನಂತರ ಕೋರ್. ಹರಿಯುವ ಕೆಸರುನೀರಿನ ಮೇಲೆ ಕಣ್ಣಿರಲಿ: ಬೂದು ಬಣ್ಣ ಸರಿ, ಅದರಲ್ಲಿ ಮಿನುಗುವ ಲೋಹದ ಪುಡಿ ಅಥವಾ ಪ್ಲಾಸ್ಟಿಕ್ ಸಿಪ್ಪೆ ಕಂಡರೆ, ಮಷಿನ್ನಿನ ಸದ್ದು ಬದಲಾಗಿ ವೇಗ ತಗ್ಗಿದರೆ, ಆ ಕ್ಷಣವೇ ನಿಲ್ಲಿಸಿ. ಇನ್ನೊಂದಿಂಚು ತಾನೇ ಎಂದು ಒತ್ತಬೇಡಿ. ಎತ್ತಿ, ಟಾರ್ಚ್ ಬಿಟ್ಟು ನೋಡಿ, ಸ್ಕ್ಯಾನಿನ ಆ ಗೆರೆಯನ್ನು ಮತ್ತೆ ತೆರೆಯಿರಿ.

ಹೊರಬಂದ ಮೊದಲ ಕೋರನ್ನು ಎಸೆಯಬೇಡಿ. ತೊಳೆದು, ಸ್ಲ್ಯಾಬಿನ ನಿಜವಾದ ದಪ್ಪ ಅಳೆಯಿರಿ, ಫ್ಲೋರಿಂಗ್ ಎಲ್ಲಿ ಮುಗಿದು ಕಾಂಕ್ರೀಟ್ ಎಲ್ಲಿ ಶುರುವಾಗಿದೆ ನೋಡಿ. ಸ್ಕ್ಯಾನ್ ಹೇಳಿದ ಆಳಕ್ಕೂ ಇದಕ್ಕೂ ವ್ಯತ್ಯಾಸವಿದ್ದರೆ ಡೈಎಲೆಕ್ಟ್ರಿಕ್ ಬೆಲೆ ತಿದ್ದಿ, ಉಳಿದ ತೂತುಗಳ ಆಳಗಳನ್ನು ನೆಲದ ಮೇಲೆ ಮತ್ತೆ ಬರೆದ ಮೇಲೆಯೇ ಎರಡನೆಯ ತೂತಿಗೆ ಮಷಿನ್ ಸರಿಸಿ.